ಬೆಚ್ಚಗಿನ ಹೇಮಂತ: ಹಿಂಗಾರು ಬೆಳೆ, ಜನಾರೋಗ್ಯ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ದೀಪಾವಳಿ ಕಳೆದ ಮೇಲೆ ರಾತ್ರಿಗಳು ತಂಪಾಗುವುದು, ನಸುಕಿನಲ್ಲಿ ಹೊಲದ ಮೇಲೆ ಇಬ್ಬನಿ ಬೀಳುವುದು ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಸೀಮೆಯ ವಾಡಿಕೆ. ಈ ವಾಡಿಕೆ ಕೆಲವು ವರ್ಷ ತಪ್ಪುತ್ತಿದೆ. ಭಾರತ ಹವಾಮಾನ ಇಲಾಖೆಯ ದಾಖಲೆಯಂತೆ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಬೆಚ್ಚಗಿನ ಅಕ್ಟೋಬರ್ 2024ರದು. ಅದೇ ವರ್ಷದ ನವೆಂಬರ್ ತಿಂಗಳು ಹಗಲಿನ ಗರಿಷ್ಠ ತಾಪಮಾನದಲ್ಲಿ ಎರಡನೆಯ ಸ್ಥಾನದಲ್ಲಿತ್ತು.

ಚಳಿ ಏಕೆ ತಡವಾಗುತ್ತದೆ?

ಹಗಲು ಕಾದ ನೆಲವು ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಬೇಗನೆ ತಣಿಯುತ್ತದೆ. ಮೋಡ ಕವಿದಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆಹಿಡಿಯುತ್ತದೆ. ಉತ್ತರದ ಒಣ ತಂಗಾಳಿ ದುರ್ಬಲವಾಗಿ, ಬಂಗಾಳ ಕೊಲ್ಲಿಯಿಂದ ತೇವಭರಿತ ಗಾಳಿ ಬೀಸಿದಾಗ ಹೀಗಾಗುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಶೇಷಭಾಗವು ಡಿಸೆಂಬರ್ ಆರಂಭದಲ್ಲಿ ರಾಜ್ಯಕ್ಕೆ ಮೋಡ, ಮಳೆ ತಂದಿತು.

ಬೆಳೆಗಳ ಮೇಲೆ

ಹಿಂಗಾರಿ ಜೋಳ ಮತ್ತು ಕಡಲೆ ಬಹುಪಾಲು ನೆಲದೊಳಗಿನ ತೇವವನ್ನೇ ನಂಬಿ ಬೆಳೆಯುತ್ತವೆ. ಸೆಕೆ ಹೆಚ್ಚಿದಷ್ಟೂ ಆ ತೇವ ಬೇಗ ಆರುತ್ತದೆ. ಎರೆ ಭೂಮಿ ಬಿರುಕು ಬಿಡುತ್ತದೆ. ಗೋಧಿ ತೆಂಡೆಯೊಡೆಯುವುದು ಕಡಿಮೆಯಾಗುತ್ತದೆ. ಮೋಡ ಮುಸುಕಿದ ಬೆಚ್ಚಗಿನ ವಾತಾವರಣದಲ್ಲಿ ತೊಗರಿ ಮತ್ತು ಕಡಲೆಗೆ ಕಾಯಿಕೊರಕದ ಬಾಧೆ ಏರುತ್ತದೆ. ತಂಪು ರಾತ್ರಿಗಳನ್ನು ಬಯಸುವ ಮಾವಿನಲ್ಲಿ ಹೂ ಬಿಡುವುದು ತಡವಾಗುತ್ತದೆ.

ಎಡೆ ಹೊಡೆದು ಬಿರುಕು ಮುಚ್ಚುವುದು ತೇವ ಉಳಿಸುವ ಹಳೆಯ, ಅಗ್ಗದ ಉಪಾಯ. ಮೋಹಕ ಬಲೆಯಲ್ಲಿ ಬೀಳುವ ಪತಂಗಗಳನ್ನು ಎಣಿಸುತ್ತ ಬಂದರೆ ಕಾಯಿಕೊರಕದ ಮುನ್ಸೂಚನೆ ದೊರೆಯುತ್ತದೆ. ಇವೆರಡರ ವಿವರ ರೈತ ಸಂಪರ್ಕ ಕೇಂದ್ರದಲ್ಲಿ ಲಭ್ಯ.

ಆರೋಗ್ಯದ ಮೇಲೆ

ಚಳಿ ಬಿದ್ದರೆ ಸೊಳ್ಳೆಗಳ ಸಂತಾನ ಕುಗ್ಗುತ್ತದೆ. ಚಳಿ ಬೀಳದಿದ್ದರೆ ಡೆಂಗಿಯ ಕಾಲಾವಧಿ ಮುಂದುವರಿಯುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಮೂಡುವ ಹಂತಕ್ಕೆ ಬರಲು ಸುಮಾರು 8ರಿಂದ 10 ದಿನ ಸಾಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಬ್ಯಾರೆಲ್, ತೊಟ್ಟಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಆದ್ದರಿಂದ ವಾರಕ್ಕೊಮ್ಮೆ ಅವುಗಳನ್ನು ಬರಿದು ಮಾಡಿ, ಉಜ್ಜಿ ಒಣಗಿಸುವುದು ಮಳೆಗಾಲದೊಂದಿಗೆ ನಿಲ್ಲಬಾರದು.

ಸದಸ್ಯರು ಗಮನಿಸಬೇಕಾದುದು

1. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕ ಹಾಗೂ ಹೋಬಳಿ ಮಟ್ಟದ ಹವಾಮಾನ ಕೇಂದ್ರ ಸುಸ್ಥಿತಿಯಲ್ಲಿವೆಯೇ ಎಂದು ನೋಡುವುದು. ಮಾವು, ದ್ರಾಕ್ಷಿಯಂತಹ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿರ್ಧಾರವಾಗುವುದು ಇಂತಹ ಅಂಕಿಗಳಿಂದಲೇ. ಮಾಪಕದ ಮೇಲೆ ಮರದ ಕೊಂಬೆ ಚಾಚಿದ್ದರೆ ನಷ್ಟ ಇಡೀ ಊರಿನದು.

2. ಜೋಳ, ಕಡಲೆಯ ಬೆಳೆ ಕಟಾವು ಪ್ರಯೋಗ ನಡೆಯುವಾಗ ಹಾಜರಿದ್ದು, ಇಳುವರಿ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳುವುದು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯನ್ನು ಚಳಿಗಾಲದಲ್ಲಿಯೂ ತಪ್ಪದೆ ನಡೆಸಿ, ಆಶಾ ಕಾರ್ಯಕರ್ತೆಯರ ಜ್ವರ ಸಮೀಕ್ಷೆಗೆ ಬೆಂಬಲ ನೀಡುವುದು.

4. ಕೊಳವೆಬಾವಿಗಳ ನೀರಿನ ಇಳುವರಿಯನ್ನು ಬೇಸಿಗೆಯವರೆಗೆ ಕಾಯದೆ ಈಗಿನಿಂದಲೇ ದಾಖಲಿಸುವುದು.

ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಜೋಳದ ಸ್ಥಿತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ತೇವ ಉಳಿಸುವ, ಹುಳು ತಡೆಯುವ ಕಾಲ ಅದಕ್ಕೂ ಹಲವು ವಾರ ಹಿಂದಿನದು. ಕಾರ್ತಿಕದಲ್ಲಿ ನಡೆಯುವ ಸಾಮಾನ್ಯ ಸಭೆಯಲ್ಲಿಯೇ ಈ ವಿಷಯ ಚರ್ಚೆಗೆ ಬಂದರೆ ಮಾತ್ರ ಅದು ರೈತನಿಗೆ ಉಪಯೋಗವಾದೀತು.