ಧಾತುಗಳ ಹೆಸರಿನಲ್ಲಿ ಅವಿತ ಭೂತಗಳು

ಊಟದ ಸ್ಟೀಲ್ ತಟ್ಟೆಯಲ್ಲೂ ಚಿತ್ರಕಾರನ ನೀಲಿ ಬಣ್ಣದಲ್ಲೂ ಭೂತಗಳಿವೆ ಎಂದರೆ ಮಕ್ಕಳು ನಕ್ಕಾರು. ಆದರೆ ಹಲವು ಬಗೆಯ ಸ್ಟೀಲಿನಲ್ಲಿರುವ ನಿಕ್ಕಲ್, ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಎಂಬ ಇಂಗ್ಲಿಷ್ ಪದಗಳೆರಡೂ ಹುಟ್ಟಿದ್ದು ಭೂತಗಳ ಹೆಸರಿನಿಂದಲೇ! ಆವರ್ತ ಕೋಷ್ಟಕದಲ್ಲಿ 27 ಮತ್ತು 28ನೆಯ ಸ್ಥಾನಗಳಲ್ಲಿ ಇವು ಅಕ್ಕಪಕ್ಕದಲ್ಲೇ ಕುಳಿತಿವೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಬೆಟ್ಟಗಳಲ್ಲಿ ಹಿಂದೆ ಬೆಳ್ಳಿಯ ಗಣಿಗಳಿದ್ದವು. ಅಲ್ಲಿ ಬೆಳ್ಳಿಯ ಅದಿರಿನಂತೆಯೇ ಕಾಣುವ ಒಂದು ಅದಿರು ಸಿಗುತ್ತಿತ್ತು. ಅದನ್ನು ಕುಲುಮೆಯಲ್ಲಿ ಕಾಯಿಸಿದರೆ ಬೆಳ್ಳಿ ಬರುತ್ತಿರಲಿಲ್ಲ. ಬದಲಿಗೆ ಬೆಳ್ಳುಳ್ಳಿಯಂಥ ವಾಸನೆಯ ಹೊಗೆ ಏಳುತ್ತಿತ್ತು. ಅದನ್ನು ಉಸಿರಾಡಿದ ಕೆಲಸಗಾರರು ಕಾಯಿಲೆ ಬೀಳುತ್ತಿದ್ದರು. ಅದಿರು ಅವರ ಕೈಕಾಲುಗಳ ಚರ್ಮವನ್ನೂ ಹುಣ್ಣಾಗಿಸುತ್ತಿತ್ತೆಂದು ಅಗ್ರಿಕೋಲನು 1556ರಲ್ಲಿ ಪ್ರಕಟವಾದ ತನ್ನ ಗಣಿಶಾಸ್ತ್ರದ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಇದು ಯಾರ ಕಾಟ? ಗಣಿಯ ಕತ್ತಲಲ್ಲಿ ವಾಸಿಸುವ 'ಕೋಬೋಲ್ಡ್' ಎಂಬ ಕುಳ್ಳ ಭೂತ ಬೆಳ್ಳಿಯನ್ನು ಕದ್ದು, ಕೆಟ್ಟ ಕಲ್ಲನ್ನು ಇಟ್ಟುಹೋಗಿದೆ ಎಂದು ಅವರು ನಂಬಿದರು. ತಾಮ್ರದಂತೆ ಕೆಂಪಗಿದ್ದೂ ತಾಮ್ರ ಕೊಡದ ಇನ್ನೊಂದು ಅದಿರಿಗೆ 'ಕುಪ್ಫರ್‌ನಿಕ್ಕಲ್' ಎಂದು ಹೆಸರಿಟ್ಟರು. ಕುಪ್ಫರ್ ಎಂದರೆ ತಾಮ್ರ. ನಿಕ್ಕಲ್ ಎಂಬುದು ತುಂಟ ಭೂತದ ಹೆಸರು.

ನಿಜವಾದ ಅಪರಾಧಿ ಬೇರೆಯೇ ಇತ್ತು. ಎರಡೂ ಅದಿರುಗಳಲ್ಲಿ ಲೋಹದೊಡನೆ ಆರ್ಸೆನಿಕ್, ಅಂದರೆ ಪಾಷಾಣದ ಧಾತು, ಸೇರಿಕೊಂಡಿತ್ತು. ಕಾಯಿಸಿದಾಗ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಬಿಳಿಯ ವಿಷದ ಹೊಗೆಯಾಗುತ್ತಿತ್ತು. ಭೂತಕ್ಕೆ ಹೆದರಿದವನಿಗೆ ಹೊಗೆಯಿಂದ ತಪ್ಪಿಸಿಕೊಳ್ಳುವ ದಾರಿ ಹೇಗೆ ತಿಳಿದೀತು?

ಸ್ವೀಡನ್ನಿನ ಗೇಯಾರ್ಗ್ ಬ್ರಾಂಟ್ ಸುಮಾರು 1735ರಲ್ಲಿ ಗಾಜಿಗೆ ನೀಲಿ ಬಣ್ಣ ಕೊಡುವುದು ಹೊಸದೊಂದು ಲೋಹ ಎಂದು ತೋರಿಸಿದನು. ಅದೇ ಕೋಬಾಲ್ಟ್. ಅದೇ ದೇಶದ ಆಕ್ಸೆಲ್ ಕ್ರೋನ್‌ಸ್ಟೆಟ್ 1751ರಲ್ಲಿ ನಿಕ್ಕಲನ್ನು ಬೇರ್ಪಡಿಸಿದನು. ಭೂತಗಳು ಓಡಿಹೋದವು, ಹೆಸರುಗಳು ಮಾತ್ರ ಉಳಿದವು. ಅಮೆರಿಕದಲ್ಲಿ ಐದು ಸೆಂಟಿನ ನಾಣ್ಯವನ್ನೂ ಜನ 'ನಿಕ್ಕಲ್' ಎಂದೇ ಕರೆಯುತ್ತಾರೆ.

ಇನ್ನೊಂದು ಸ್ವಾರಸ್ಯವುಂಟು. ನಮ್ಮ ದೇಹಕ್ಕೆ ಅತ್ಯಗತ್ಯವಾದ ಬಿ-12 ಜೀವಸತ್ವದ ಪ್ರತಿಯೊಂದು ಅಣುವಿನಲ್ಲೂ ಕೋಬಾಲ್ಟ್ ಪರಮಾಣು ಒಂದಿದೆ. 1951ರಲ್ಲಿ ಕೆನಡಾದ ವೈದ್ಯರು ಕೋಬಾಲ್ಟ್-60ರ ವಿಕಿರಣವನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸತೊಡಗಿದರು. ಕಾಯಿಲೆ ತರುವ ಭೂತವೆಂದು ಹೆಸರು ಕೆಡಿಸಿಕೊಂಡ ಲೋಹವೇ ಹೀಗೆ ಕಾಯಿಲೆಯವರ ನೆರವಿಗೆ ಬಂತು!