ಮಂಗನ ಕಾಯಿಲೆ: ಜನ, ದನ, ಕಾಡಿನ ಆರೋಗ್ಯಕ್ಕೆ ಒಂದೇ ಲೆಕ್ಕ

ಗೊಬ್ಬರವೊಂದನ್ನೇ ಹೆಚ್ಚಿಸಿದರೆ ಇಳುವರಿ ಹೆಚ್ಚುವುದಿಲ್ಲ. ಬೀಜ, ನೀರು, ಕಳೆ, ಕೀಟ ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂಬುದು ರೈತ ಬಾಂಧವರಿಗೆ ತಿಳಿದ ವಿಷಯ. ಆರೋಗ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮನುಷ್ಯ, ಜಾನುವಾರು ಹಾಗೂ ಪರಿಸರದ ಆರೋಗ್ಯವನ್ನು ಒಟ್ಟಾಗಿ ಕಾಪಾಡುವುದೇ ಸಮಗ್ರ ಆರೋಗ್ಯ ರಕ್ಷಣೆ. ಮಲೆನಾಡಿನ ಮಂಗನ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ.

ರೋಗ ಹರಡುವ ಬಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗವನ್ನು ಮೊದಲು ಗುರುತಿಸಲಾಯಿತು. ಇದು ವೈರಸ್ಸಿನಿಂದ ಬರುವ ರೋಗ. ಉಣುಗು ಅಥವಾ ಉಣ್ಣೆ ಕಚ್ಚುವುದರಿಂದ ಮಂಗಗಳಿಗೂ ಮನುಷ್ಯರಿಗೂ ತಗಲುತ್ತದೆ; ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ದನಗಳಿಗೆ ಈ ಕಾಯಿಲೆ ಬಾರದಿದ್ದರೂ, ಅವುಗಳ ರಕ್ತ ಹೀರಿ ಬಲಿತ ಉಣುಗುಗಳು ನೆಲಕ್ಕುದುರಿ ಮೊಟ್ಟೆಯಿಟ್ಟು ಸಂತತಿ ಬೆಳೆಸುತ್ತವೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಸೋಂಕಿನ ಉಣುಗುಗಳು ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಕೊಟ್ಟಿಗೆಗೆ ತರಗು ತರಲು ಅಲ್ಲಿಗೆ ಹೋದವರು ರೋಗಕ್ಕೆ ತುತ್ತಾಗುತ್ತಾರೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಂಭವಿಸಿದ ಸಾವುಗಳನ್ನು ಮಲೆನಾಡು ಮರೆತಿಲ್ಲ. ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಮುಂಜಾಗ್ರತೆಯೇ ಮುಖ್ಯ.

ಒಟ್ಟಾಗಿ ಮಾಡಬೇಕಾದ ಕೆಲಸ

1. ಸತ್ತ ಮಂಗ ಕಂಡಲ್ಲಿ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಅವರು ಶವವನ್ನು ಸುಟ್ಟು, ಸುತ್ತಲೂ ಕೀಟನಾಶಕ ಪುಡಿ ಉದುರಿಸುವವರೆಗೆ ಆ ಜಾಗಕ್ಕೆ ಜನ, ದನ ಹೋಗಬಾರದು.

2. ದನಗಳಿಗೆ ಪಶುವೈದ್ಯರು ಸೂಚಿಸಿದ ಉಣ್ಣೆನಾಶಕ ಹಾಕಿಸಬೇಕು. ಆ ಬಳಿಕ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿ ತಿಳಿಯಬೇಕು.

3. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು.

4. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ತೀವ್ರ ಮೈಕೈ ನೋವು ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಬಿಟ್ಟು ಕೆಲವು ದಿನಗಳ ನಂತರ ಮರುಕಳಿಸುವುದೂ ಉಂಟು.

ಫಲವನ್ನು ಅಳೆಯುವುದು ಹೇಗೆ?

ರೋಗಿಗಳ ಸಂಖ್ಯೆಯೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ರಕ್ತ ಪರೀಕ್ಷೆ ಹೆಚ್ಚಿದರೆ ಸಂಖ್ಯೆಯೂ ಹೆಚ್ಚಬಹುದು. ಒಂದು ವರ್ಷ ರೋಗ ಕಡಿಮೆಯಾದದ್ದು ನಮ್ಮ ಕೆಲಸದಿಂದಲೇ ಎನ್ನಲೂ ಬಾರದು. ಆದುದರಿಂದ ಊರಿಗೊಂದು ಪುಸ್ತಕವಿಟ್ಟು ಇವನ್ನೂ ಬರೆದಿಡುವುದು ಒಳಿತು: ಮಂಗನ ಶವ ಕಂಡ ದಿನ, ಸುದ್ದಿ ಮುಟ್ಟಿದ ದಿನ, ಪುಡಿ ಉದುರಿಸಿದ ದಿನ, ಜ್ವರ ಬಂದ ದಿನ, ರಕ್ತ ಕೊಟ್ಟ ದಿನ, ಊರಿನ ಒಟ್ಟು ದನಗಳಲ್ಲಿ ಔಷಧಿ ಕಂಡವೆಷ್ಟು, ಕಾಡಿಗೆ ಹೋದವರಲ್ಲಿ ತೈಲ ಹಚ್ಚಿದವರೆಷ್ಟು, ಕಾಯಿಲೆಯಿಂದ ತಪ್ಪಿದ ಕೂಲಿಯ ದಿನಗಳೆಷ್ಟು.

ಸೋಮವಾರ ಕಂಡ ಶವದ ಸುದ್ದಿ ಗುರುವಾರ ಮುಟ್ಟಿತೆನ್ನೋಣ. ನಡುವಿನ ಮೂರು ದಿನ ಅದೇ ಜಾಗದಲ್ಲಿ ತರಗು ಗುಡಿಸಿದವರ ಪ್ರಾಣವೇ ಪಣಕ್ಕಿತ್ತು. ಈ ಅಂತರ ಮೂರು ದಿನದಿಂದ ಒಂದಕ್ಕೆ ಇಳಿದರೆ ಅದೇ ಮೊದಲ ಲಾಭ. ಇದನ್ನು ರೋಗ ಬರುವ ಮೊದಲೇ ಅಳೆಯಬಹುದು. ಬೆಳೆ ಪ್ರಯೋಗದಲ್ಲಿ ಒಂದು ಹಂಗಾಮಿನ ಇಳುವರಿ ನಂಬದೆ ಹೋಲಿಕೆಯ ತಾಕು ಇಡುವಂತೆ, ಇಲ್ಲಿಯೂ ಮೂರು ನಾಲ್ಕು ವರ್ಷಗಳ ಲೆಕ್ಕವನ್ನು ನೆರೆಯೂರಿನ ಲೆಕ್ಕದೊಂದಿಗೆ ಹೋಲಿಸಬೇಕು.

ವೈದ್ಯರು, ಪಶುವೈದ್ಯರು, ಅರಣ್ಯ ಸಿಬ್ಬಂದಿ ಬೇರೆ ಬೇರೆ ಕಚೇರಿಯವರು. ಆದರೆ ಸತ್ತ ಮಂಗನನ್ನು ಹೆಚ್ಚಾಗಿ ಮೊದಲು ಕಾಣುವವರು ರೈತರೇ. ಮಲೆನಾಡಿನ ರೈತ ಬಾಂಧವರು ಡಿಸೆಂಬರಿಗೆ ಮುನ್ನ ಮೂವರನ್ನೂ ಊರಿಗೆ ಕರೆದು, ಒಂದೇ ಪುಸ್ತಕದಲ್ಲಿ ಲೆಕ್ಕ ಆರಂಭಿಸುವುದು ಸೂಕ್ತ.