ವಿಡಿಯೋ ಗೇಮ್ ಪೆಟ್ಟಿಗೆಯಲ್ಲಿ ಆಟ ಕಟ್ಟುವ ವಿದ್ಯೆ

ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಎಂಬ ಯಂತ್ರವು ಹುಡುಗರ ಕಾಲವನ್ನು ಹರಣ ಮಾಡುವುದಲ್ಲದೆ ಮತ್ತಾವ ಪ್ರಯೋಜನಕ್ಕೂ ಬಾರದೆಂಬುದು ಗೃಹಸ್ಥರಲ್ಲಿ ಬಹುಮಂದಿಯ ಅಭಿಪ್ರಾಯ. ಅದು ಕೇವಲ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಅದೇ ಯಂತ್ರದಲ್ಲಿ, ಇರುವ ಆಟವನ್ನು ಆಡುವುದನ್ನು ಬಿಟ್ಟು ಇಲ್ಲದ ಆಟವನ್ನು ತಾವೇ ಕಟ್ಟಲು ತೊಡಗಿದ ಮಕ್ಕಳೂ ಉಂಟು. ಅವರ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಪಾನಿನ ನಿಂಟೆಂಡೊ ಕಂಪನಿಯವರು 1983ನೆಯ ಇಸವಿ ಜುಲೈ ತಿಂಗಳಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಹೊರತಂದರು. ಮರುವರ್ಷ ಶಾರ್ಪ್ ಮತ್ತು ಹಡ್ಸನ್ ಎಂಬ ಕಂಪನಿಗಳೊಡನೆ ಸೇರಿ, ಅದಕ್ಕೆ ಒಂದು ಕೀಬೋರ್ಡನ್ನೂ ‘ಫ್ಯಾಮಿಲಿ ಬೇಸಿಕ್’ ಎಂಬ ಕ್ಯಾಸೆಟ್ಟನ್ನೂ ಮಾರಿದರು. ಬೇಸಿಕ್ ಎಂಬುದು ಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವ ಒಂದು ಸುಲಭವಾದ ಭಾಷೆ. ಇದರಿಂದ ಮನೆಯ ಮಕ್ಕಳಿಗೂ ಆಟ ಕಟ್ಟುವ ಬಾಗಿಲು ತೆರೆಯಿತು. ಆದರೆ ಪೂರ್ತಿಯಾಗಿ ಅಲ್ಲ, ಒಂದು ಸಂದಿನಷ್ಟು ಮಾತ್ರ. ಆಜ್ಞೆಗಳನ್ನು ಬರೆಯುವುದಕ್ಕೆ ದೊರೆಯುತ್ತಿದ್ದ ಸ್ಥಳ ಸುಮಾರು ಎರಡು ಸಾವಿರ ಅಕ್ಷರಗಳಷ್ಟು. ಒಡನೊಡನೆ ಚಲಿಸತಕ್ಕ ಗೊಂಬೆಗಳು ಹದಿನಾರು ಬಗೆಯವು. ಅವುಗಳಲ್ಲಿ ಒಂದೇ ಸಲಕ್ಕೆ ಎಂಟನ್ನು ಮಾತ್ರ ನಡೆಸಬಹುದು. ಮೀಸೆಯ ಮಾರಿಯೋ, ಪೆಂಗ್ವಿನ್ ಹಕ್ಕಿ, ಕಾರು, ಆಮೆ ಮುಂತಾದ ಇವೆಲ್ಲವೂ ಕ್ಯಾಸೆಟ್ಟಿನೊಳಗೆ ಮುದ್ರಿತವಾದವುಗಳಾದುದರಿಂದ ಹೊಸದೊಂದು ಗೊಂಬೆಯನ್ನು ಬರೆದು ಸೇರಿಸುವಂತಿರಲಿಲ್ಲ.

ಗುಬ್ಬಿಯವರಿಗೆ ಈ ಕಟ್ಟು ವಿಚಿತ್ರವಾಗಿ ತೋರಲಾರದು. ಗುಬ್ಬಿ ವೀರಣ್ಣನವರ ಊರಿನಲ್ಲಿ ನಾಟಕದ ಪರದೆಗಳ ಪರಿಚಯವಿಲ್ಲದವರಾರು? ಅರಮನೆಯದೊಂದು, ಬೀದಿಯದೊಂದು, ಕಾಡಿನದೊಂದು. ಕಂಪನಿಯಲ್ಲಿ ಇರುವ ಪರದೆಗಳನ್ನೇ ಇಳಿಬಿಟ್ಟು ಇಂದು ಒಂದು ಕಥೆಯನ್ನೂ ನಾಳೆ ಮತ್ತೊಂದು ಕಥೆಯನ್ನೂ ಆಡಬೇಕಷ್ಟೆ.

ಈ ಯಂತ್ರದ ಅಗ್ಗದ ನಕಲುಗಳು ನಮ್ಮ ದೇಶದ ಪೇಟೆಗಳಿಗೂ ಬಂದುವು. 2000ನೆಯ ಇಸವಿಯ ಆಚೀಚೆಗೆ ತುಮಕೂರಿನ ಅಂಗಡಿಗಳಲ್ಲಿ, ಕೀಬೋರ್ಡಿನೊಳಗೇ ಯಂತ್ರವನ್ನಡಗಿಸಿ ‘ಕಂಪ್ಯೂಟರ್’ ಎಂದು ಹೆಸರಿಟ್ಟು ಮಾರುತ್ತಿದ್ದುದನ್ನು ನಾವು ಕಂಡಿದ್ದೇವೆ. ನಿಜವಾದ ಕಂಪ್ಯೂಟರಿಗೆ ಹಣ ತರಲಾರದ ತಂದೆತಾಯಿಗಳು ಮಕ್ಕಳ ಕಾಟವನ್ನು ತಾಳಲಾರದೆ ಇದನ್ನು ಕೊಳ್ಳುತ್ತಿದ್ದರು. ಜಪಾನಿನ ಮಕ್ಕಳು ತಾವು ಬರೆದುದನ್ನು ಟೇಪ್ ರೆಕಾರ್ಡರಿನ ಸುರುಳಿಗೆ ತುಂಬಿಡಬಹುದಾಗಿತ್ತು. ನಾವು ನೋಡಿದ ಪೆಟ್ಟಿಗೆಗಳಲ್ಲಿ ಆ ಅನುಕೂಲವಿರಲಿಲ್ಲ. ಸ್ವಿಚ್ಚು ಆರಿದೊಡನೆ, ಅಥವಾ ಕರೆಂಟು ಹೋದೊಡನೆ, ಬರೆದುದೆಲ್ಲವೂ ಮಾಯ! ಆ ದಿನಗಳಲ್ಲಿ ಹಳ್ಳಿಗಾಡಿನ ಕರೆಂಟಿನ ಸ್ಥಿತಿ ಹೇಗಿತ್ತೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಗುಬ್ಬಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದ ಕುಣಿಗಲ್ ಕಡೆಯ ಬಾಲಕನೊಬ್ಬನನ್ನು ನಾವು ಬಲ್ಲೆವು. ಕುಣಿಗಲಿನ ಕುದುರೆ ಫಾರಂ ಪ್ರಸಿದ್ಧವಾದುದು. ಆ ಕುದುರೆಗಳನ್ನು ಕಂಡು ಬೆಳೆದ ಹುಡುಗನು ಕುದುರೆಪಂದ್ಯದ ಆಟವನ್ನೇ ಕಟ್ಟಬೇಕೆಂದು ಹೊರಟನು. ಆದರೆ ಹದಿನಾರು ಗೊಂಬೆಗಳಲ್ಲಿ ಕುದುರೆಯೇ ಇಲ್ಲ! ಆದುದರಿಂದ ಕಾರನ್ನೇ ಕುದುರೆಯೆಂದು ಭಾವಿಸಿ, ಮೂರು ಕಾರುಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಂದರ ಮುಂದೆ ರೋಮನ್ ಲಿಪಿಯಲ್ಲಿ ಕುದುರೆಯ ಹೆಸರನ್ನು ಬರೆದನು. ‘ಡೆಫ್ ಮೂವ್’ ಎಂಬ ಆಜ್ಞೆಗೆ ಆರು ಅಂಕೆಗಳನ್ನು ಕೊಡತಕ್ಕದ್ದು: ಯಾವ ಗೊಂಬೆ, ಯಾವ ದಿಕ್ಕು, ಎಷ್ಟು ವೇಗ, ಎಷ್ಟು ದೂರ, ದೃಶ್ಯದ ಮುಂದೋ ಹಿಂದೋ, ಯಾವ ಬಣ್ಣ. ದಿಕ್ಕಿನಲ್ಲಿ ಮೇಲಕ್ಕೆ 1, ಬಲಕ್ಕೆ 3, ಕೆಳಕ್ಕೆ 5, ಎಡಕ್ಕೆ 7. ಯಾವ ಕುದುರೆ ಗೆಲ್ಲುವುದೆಂದು ಆಡುವವನು ಮೊದಲೇ ಊಹಿಸಬೇಕು.

ಇದನ್ನು ನೋಡಿದ ಸೋದರಮಾವನು, “ಜೂಜು ಕಲಿಯೋದಕ್ಕೇನೋ ನಿನ್ನ ಇಲ್ಲಿ ಇಟ್ಟುಕೊಂಡಿರೋದು?” ಎಂದು ಗದರಿಸಿ, ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವೆನೆಂದನು. ಹುಡುಗನು ಎದುರಾಡದೆ ಊಹೆಯ ಭಾಗವನ್ನು ತೆಗೆದು ಲೆಕ್ಕವನ್ನು ಹಾಕಿದನು. ಯಂತ್ರವು ತನಗೆ ತೋಚಿದ ಎರಡು ಸಂಖ್ಯೆಗಳನ್ನು ಗುಣಿಸಲು ಕೇಳುವುದು. ಉತ್ತರ ಸರಿಯಾದರೆ ನಮ್ಮ ಕುದುರೆ ಮುಂದಕ್ಕೆ, ತಪ್ಪಾದರೆ ಎದುರಾಳಿಯದು. ಮಾವನಿಗೆ ಇದು ಒಪ್ಪಿಗೆಯಾಯಿತು. ಮೇಲಾಗಿ, ಅಡಿಕೆಯ ಲೆಕ್ಕದಲ್ಲಿ ಪಳಗಿದ್ದ ಆತನೇ ಎರಡು ಸಲ ಆಡಿ ಗೆದ್ದನೆಂದು ತಿಳಿದೆವು.

ಒಂದು ಸಂಜೆ ಮೂರು ಗಂಟೆಗಳ ಕಾಲ ಕುಳಿತು ಬರೆದಿದ್ದಾಗ ಕರೆಂಟು ಹೋಯಿತು. ಪುಸ್ತಕದಲ್ಲಿ ಅರ್ಧವನ್ನೂ ಇಳಿಸಿಕೊಂಡಿರಲಿಲ್ಲ. ಆ ರಾತ್ರಿ ಹುಡುಗನು ಊಟ ಮಾಡಲಿಲ್ಲವಂತೆ. ಮರುದಿನ ದೀಪದ ಬೆಳಕಿನಲ್ಲಿ, ಯಂತ್ರವನ್ನು ಮುಟ್ಟದೆ, ಬರಿಯ ಕಾಗದದ ಮೇಲೆ ಎಲ್ಲವನ್ನೂ ನೆನೆದು ಬರೆಯಲಾರಂಭಿಸಿದನು. ಹಾಗೆ ಬರೆಯುವಾಗ, ಮೂರು ಕುದುರೆಗಳಿಗೂ ಒಂದೇ ಬಗೆಯ ಆಜ್ಞೆಗಳನ್ನು ಮೂರು ಸಲ ಬರೆದಿದ್ದುದು ಅವನ ಗಮನಕ್ಕೆ ಬಂದಿತು. ಅವನ್ನು ಒಂದು ಕಡೆ ಒಮ್ಮೆಗೇ ಬರೆದು, ಬೇಕಾದಾಗ ‘ಗೋಸಬ್’ ಎಂಬ ಆಜ್ಞೆಯಿಂದ ಕರೆದುಕೊಳ್ಳುವಂತೆ ಮಾಡಿದನು. ಬರೆಹವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು.

ಆ ಪುಸ್ತಕವನ್ನು ನೋಡಿದಾಗ ನಮಗೆ ಪಾಣಿನಿಯು ನೆನಪಾದನು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತ ಭಾಷೆಯನ್ನು ಕಟ್ಟಿಟ್ಟ ಆ ಮಹರ್ಷಿಯು, ಒಮ್ಮೆ ಹೇಳಿದ ಪದವನ್ನು ಮುಂದಿನ ಸೂತ್ರಗಳಲ್ಲಿ ಮತ್ತೆ ಹೇಳದೆ ಅನುವೃತ್ತಿಯಿಂದಲೇ ಸಾಗಿಸುವನು. ಸ್ವರಗಳೆಲ್ಲವನ್ನೂ ‘ಅಚ್’ ಎಂಬ ಒಂದೇ ಸಂಜ್ಞೆಯಲ್ಲಿ ಅಡಗಿಸುವನು. ಹುಡುಗನಿಗೆ ಪಾಣಿನಿಯ ಗಂಧವಿರಲಿಲ್ಲ. ಬಾಯಿಪಾಠಕ್ಕೆ ಸ್ಥಳ ಸಾಲದೆಂಬ ಕಷ್ಟ ಅಲ್ಲಿ, ಯಂತ್ರಕ್ಕೆ ಸ್ಥಳ ಸಾಲದೆಂಬ ಕಷ್ಟ ಇಲ್ಲಿ. ಅಂದಿನಿಂದ ಅವನ ತಂಗಿಯು ಪುಸ್ತಕ ಹಿಡಿದು ಸಾಲುಗಳನ್ನು ಗಟ್ಟಿಯಾಗಿ ಓದುವುದು, ಅವನು ಕೀಬೋರ್ಡಿನಲ್ಲಿ ಒತ್ತುವುದು ವಾಡಿಕೆಯಾಯಿತು. ಸಾಲುಗಳಿಗೆ 10, 20, 30 ಎಂದು ಎಡೆಬಿಟ್ಟು ಅಂಕೆ ಕೊಡುವುದರಿಂದ, ಮರೆತ ಮಾತನ್ನು 15 ಎಂದು ನಡುವೆ ಸೇರಿಸಬಹುದು. ಇದನ್ನು ಕಂಡುಹಿಡಿದವಳು ಆ ತಂಗಿಯೇ.

ಫ್ಯಾಮಿಲಿ ಬೇಸಿಕ್ಕಿನಿಂದಲೇ ಆಟ ಕಟ್ಟುವ ವಿದ್ಯೆಯನ್ನಾರಂಭಿಸಿದ ಮಸಾಹಿರೊ ಸಕುರಾಯಿ ಎಂಬಾತನು 1992ರಲ್ಲಿ ‘ಕರ್ಬಿ’ ಎಂಬ ಪ್ರಸಿದ್ಧ ಆಟವನ್ನು ರಚಿಸಿದನು. ಆಗ ಕೀಬೋರ್ಡು ಕೂಡ ಇಲ್ಲದೆ, ಗುಂಡನ್ನು ಹೊರಳಿಸಿ ತೆರೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಆರಿಸುತ್ತ ಕೆಲಸ ಮಾಡಿದುದಾಗಿ 2017ರಲ್ಲಿ ಆತನೇ ತಿಳಿಸಿದನು. 1997ರ ಹೊತ್ತಿಗೆ ಸೋನಿ ಕಂಪನಿಯವರು ‘ನೆಟ್ ಯಾರೋಜೆ’ ಎಂಬ ಕಪ್ಪು ಪ್ಲೇಸ್ಟೇಷನ್ ಯಂತ್ರವನ್ನು ಹವ್ಯಾಸಿಗಳಿಗಾಗಿ ಯೂರೋಪು, ಅಮೆರಿಕಗಳಲ್ಲಿಯೂ ಮಾರಿದರು. ಅಲ್ಲಿಯೂ ಇಡೀ ಆಟವು ಯಂತ್ರದ 2 ಮೆಗಾಬೈಟಿನ ಸ್ಮೃತಿಯಲ್ಲಿ ಹಿಡಿಯತಕ್ಕದ್ದೆಂಬ ನಿರ್ಬಂಧವಿತ್ತು. 2008ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೆರೆಕ್ ಲೋಮಾಸ್ ಮತ್ತು ಅವರ ಗೆಳೆಯರು, ಭಾರತದಲ್ಲಿ ಸುಮಾರು 12 ಡಾಲರಿಗೆ ಸಿಗುತ್ತಿದ್ದ ಇಂಥ ನಕಲು ಪೆಟ್ಟಿಗೆಗಳನ್ನೇ ಬಡಮಕ್ಕಳ ವಿದ್ಯಾಭ್ಯಾಸಕ್ಕೆ ಬಳಸುವ ಯತ್ನಕ್ಕೆ ಕೈಹಾಕಿದರು.

ಈಗ ಮನೆಯಲ್ಲಿ ನಿಂಟೆಂಡೊ ಸ್ವಿಚ್ ಯಂತ್ರವಿರುವವರು 2021ರಲ್ಲಿ ಬಂದ ‘ಗೇಮ್ ಬಿಲ್ಡರ್ ಗರಾಜ್’ ಎಂಬುದನ್ನು ಮಕ್ಕಳಿಗೆ ಕೊಟ್ಟು ನೋಡಬಹುದು. ಅದರಲ್ಲಿ ಆಜ್ಞೆಗಳನ್ನು ಬರೆಯುವುದಕ್ಕೆ ಬದಲಾಗಿ ‘ನೋಡಾನ್’ ಎಂಬ ತುಂಡುಗಳನ್ನು ಗೆರೆಯಿಂದ ಜೋಡಿಸುವರು; ಬರೆದುದು ಉಳಿಯುವುದು; ಬೇಕಾದ ಚಿತ್ರವನ್ನು ತಾವೇ ಬರೆದುಕೊಳ್ಳಬಹುದಾದುದರಿಂದ ಕುದುರೆಗೆ ಕುದುರೆಯೇ ದೊರೆಯುವುದು. ಒಂದು ಆಟಕ್ಕೆ 512 ತುಂಡುಗಳನ್ನು ಮೀರಕೂಡದೆಂಬ ಕಟ್ಟು ಮಾತ್ರ ಅಲ್ಲಿಯೂ ಉಂಟು.